ಸೀರಿಗೆ ಬಂದ ಟೈರು

ತಮಿಳುನಾಡಿನ ಕಂಬಂ ಬಸ್‌ಸ್ಟ್ಯಾಂಡಿನ ಹಿಂದುಗಡೆ ಜೀಪು ನಿಲ್ಲಿಸುವವರಲ್ಲಿ ಆಂಡಿಗೆ ಒಂದು ಮರ್ಯಾದೆ ಇತ್ತು. ಅದು ಅವನ ಗುಣದಿಂದ ಬಂದದ್ದಲ್ಲ, ಟೈರಿನಿಂದ ಬಂದದ್ದು. ಬೆಳಗ್ಗೆ ಕೂಲಿ ಹೆಂಗಸರನ್ನು ಹತ್ತಿಸಿಕೊಂಡು ಕಂಬಂಮೆಟ್ಟಿನ ಘಾಟಿ ಏರುವುದು, ಮೇಲೆ ಒಳದಾರಿ ಹಿಡಿದು ಏಲಕ್ಕಿ ತೋಟಕ್ಕೆ ಬಿಡುವುದು, ಸಂಜೆ ಮತ್ತೆ ಇಳಿಸಿಕೊಂಡು ಬರುವುದು ಅವನ ಕಸುಬು. ಆ ಒಳದಾರಿಯನ್ನು ದಾರಿ ಅಂತ ಕರೆದ ಪುಣ್ಯಾತ್ಮ ಯಾರೋ ಕಾಣೆ. ಮಳೆ ಬಂದರೆ ಅದು ಹಳ್ಳ, ಬಿಸಿಲಿದ್ದರೆ ಬರೀ ಬಂಡೆ. ಅಂಥ ಕಡೆ ಆಂಡಿ ಇಪ್ಪತ್ತೈದು ವರ್ಷದಿಂದ ರೀಟ್ರೇಡ್ ಟೈರಿನಲ್ಲೇ ಓಡಾಡಿದ್ದ. ಸವೆದ ಟೈರಿನ ಮೇಲೆ ಹೊಸ ರಬ್ಬರು ಬೇಯಿಸಿ ಕೂರಿಸಿದ್ದು, ಹಳೇ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದ ಹಾಗೆ.

ಪಕ್ಕದ ಜೀಪಿನ ಜೆಯಕುಮಾರ್ ಹೊಸ ಟೈರಲ್ಲದೆ ಬೇರೆಯದನ್ನು ಮುಟ್ಟುವವನಲ್ಲ. ಇಬ್ಬರಿಗೂ ಇದೇ ಜಗಳ. "ಬೆಟ್ಟದ ಮೇಲೆ ಯಾವನಾದ್ರೂ ರೀಟ್ರೇಡ್ ಹಾಕ್ತಾನಾ? ಜೀವದ ಮೇಲೆ ಆಸೆ ಇಲ್ವಾ?" ಅಂತ ಅವನು.

"ಬೆಟ್ಟದ ಮೇಲೇನೆ ಹಾಕ್ಬೇಕು," ಅಂತ ಆಂಡಿ. "ಅಲ್ಲಿ ನಾವು ಓಡಿಸೋದು ಎತ್ತಿನ ಗಾಡಿ ನಡಿಗೆ. ರಬ್ಬರು ಕಾದು ಬಿಟ್ಕೊಳ್ಳೋಕೆ ಅದೇನ್ ತೇನಿ ಮೈನ್ ರೋಡಾ? ಕಲ್ಲು ಕಚ್ಚೋದು ಟೈರಿನ ಪಕ್ಕಕ್ಕೆ. ಪಕ್ಕ ಗಟ್ಟಿ ಐತಾ ಅಂತ ಹೊಟ್ಟೆ ಒಳಗೆ ಕೈ ಹಾಕಿ ನೋಡ್ಬೇಕು. ಹೊಟ್ಟೆ ಸೆರಿ ಇದ್ರೆ ಹಳೇದೂ ಹೊಸದೇ. ಹೊಟ್ಟೆ ಕೆಟ್ಟಿದ್ರೆ ನಿನ್ ಹೊಸದನ್ನೂ ಬಾವಿಗೆ ಹಾಕು."

ಸುಮ್ಮನೆ ಬಾಯಿಮಾತಲ್ಲ. ದಿಂಡಿಗಲ್ಲಿಗೆ ತನ್ನದೇ ಟೈರು ಹೊತ್ತುಕೊಂಡು ಹೋಗಿ, ರಬ್ಬರು ಕೂರಿಸುವ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ ತೋಳಿನವರೆಗೆ ಕೈ ಒಳಗೆ ಬಿಟ್ಟು, ಕಣ್ಣು ಮುಚ್ಚಿ ಸೂಲಗಿತ್ತಿಯ ಹಾಗೆ ತಡಕುತ್ತಿದ್ದ. ಅಂಗಡಿಯವರು ಅವನನ್ನು ಕಂಡರೆ ಟೀ ತರಿಸಿ ಸುಮ್ಮನೆ ಕೂರುತ್ತಿದ್ದರು, ಬೇಗ ಮುಗಿಯುವ ಕೆಲಸವಲ್ಲ ಅಂತ. ಕೂಲಿ ಹೆಂಗಸರಿಗೂ ಇದು ಗೊತ್ತಿತ್ತು. ಆಂಡಿ ಸರಿ ಅಂದರೆ ಟೈರು ಸರಿ.

ಹೆಂಗಸರಲ್ಲಿ ಹಿರಿಯಳು ಓಚ್ಚಮ್ಮಾಳ್. ಅವಳು ಯಾವ ಜೀಪು ಹತ್ತಿದರೆ ಉಳಿದವರೂ ಅದನ್ನೇ ಹತ್ತುವುದು. ಅವಳ ಮಾತು ತಮಿಳು. ಆದರೆ ಆಂಡಿಯನ್ನು ಬಯ್ಯುವಾಗ ಮಾತ್ರ ಅವನ ಮನೆಮಾತು ಕನ್ನಡದಲ್ಲೇ ಬಯ್ಯುತ್ತಿದ್ದಳು, ಚೆನ್ನಾಗಿ ತಾಗಲಿ ಅಂತ.

ಹೀಗಿದ್ದ ಆಂಡಿ ಕೆಟ್ಟದ್ದು ತನ್ನ ಹೆಂಡತಿಯ ತಮ್ಮನಿಂದ. ಆ ತಮ್ಮ ಹರಿಹರನ್, ಚಿನ್ನಮನೂರಿನಲ್ಲಿ ದ್ರಾಕ್ಷಿ ವ್ಯಾಪಾರ. ಒಳ್ಳೆಯವನು. ಒಳ್ಳೆಯವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ ಬಿಡಿ.

ಆಂಡಿಯ ಮಗಳು ಕಾರ್ತಿಕಾಗೆ ಕಿವಿ ಚುಚ್ಚಿದ ದಿನ, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕಾದ ಸೋದರಮಾವ ಹರಿಹರನ್ ಬರುವುದು ತಡವಾಯಿತು. ಮುಹೂರ್ತ ಮೀರುತ್ತದೆ ಅಂತ ಹಿರಿಯರು ಮಗುವನ್ನು ಬೇರೆ ಯಾರದೋ ಮಡಿಲಲ್ಲಿ ಕೂರಿಸಿ ಚುಚ್ಚಿಸಿಬಿಟ್ಟರು. ಉಡುಗೊರೆಯ ತಟ್ಟೆ ಹೊತ್ತು ಬಂದ ಹರಿಹರನ್ ಬಾಗಿಲಲ್ಲೇ ನೋಡಿದ, ತಟ್ಟೆಯನ್ನು ಅಲ್ಲೇ ಇಟ್ಟ, ಹಿಂದಕ್ಕೆ ಹೋದ. ಆಮೇಲೆ ಮಾತಿಲ್ಲ, ಕತೆಯಿಲ್ಲ. ಕಾರ್ತಿಕಾ ಬೆಳೆದು ಕಾಲೇಜು ಸೇರಿದಳು. ಅವಳ ತಾಯಿ ವಳ್ಳಿ ಪ್ರತಿ ಪೊಂಗಲ್ಲಿಗೂ ಬಾಗಿಲಿಗೆ ರಂಗೋಲಿ ಬಿಟ್ಟು, ಬೀದಿಯ ಕಡೆ ನೋಡದ ಹಾಗೆ ನಟಿಸುತ್ತಾ ಬೀದಿಯನ್ನೇ ನೋಡುತ್ತಿದ್ದಳು. ಪೊಂಗಲ್ಲಿಗೆ ತವರಿನಿಂದ ಹೆಣ್ಣುಮಕ್ಕಳಿಗೆ ಉಡುಗೊರೆ ಬರಬೇಕು. ಇವರು ಅದಕ್ಕೆ ಸೀರು ಅನ್ನುತ್ತಾರೆ. ಅಕ್ಕಪಕ್ಕದ ಮನೆಗಳಿಗೆ ಬರುತ್ತಿತ್ತು, ವಳ್ಳಿಗೆ ಇಲ್ಲ.

ಹೋದ ಪೊಂಗಲ್ಲಿಗೆ, ತಮ್ಮನ ಸಿಟ್ಟು ಹೇಗೆ ಇಳಿಯಿತೋ, ಬಂತು. ಹರಿಹರನ್‌ನ ಸಣ್ಣ ಲಾರಿ ಬಾಗಿಲಿಗೇ ಬಂದು ನಿಂತಿತು. ಕಬ್ಬು, ಅರಿಶಿನದ ಗಿಡ, ಅಕ್ಕಿ, ಬೆಲ್ಲ, ಸೀರೆ, ಅದರ ಹಿಂದೆ ನಾಲ್ಕು ಜೀಪ್ ಟೈರು. ನಾಲ್ಕಕ್ಕೂ ಅರಿಶಿನ ಬಳಿದು ಕುಂಕುಮ ಇಟ್ಟಿದ್ದ. ಬೀದಿಯವರು ಸೀರಿಗೆ ಟೈರು ಬಂದದ್ದನ್ನು ಅವತ್ತೇ ಮೊದಲು ನೋಡಿದ್ದು. ಆರತಿ ಎತ್ತಬೇಕೋ ಬೇಡವೋ ಅಂತ ಯಾರಿಗೂ ಗೊತ್ತಾಗದೆ, ಕೊನೆಗೆ ಎತ್ತಿದರು.

"ಭಾವಾ, ನಿಮಗೆ ರೀಟ್ರೇಡೇ ಇಷ್ಟ ಅಂತ ಕೇಳಿ ತಿಳ್ಕೊಂಡೆ. ದಿಂಡಿಗಲ್ಲಿಂದ ತಂದೆ," ಅಂದ ಹರಿಹರನ್.

ವಳ್ಳಿ ತಮ್ಮನ ಕೈ ಹಿಡಿದುಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಂಡಿಯ ಬಲಗೈ ತಾನಾಗಿಯೇ ಟೈರಿನ ಹೊಟ್ಟೆಯ ಕಡೆ ಹೋಯಿತು. ವಳ್ಳಿ ಅತ್ತ ಕಣ್ಣಲ್ಲೇ ಅವನನ್ನು ಒಂದು ನೋಟ ನೋಡಿದಳು. ಕೈ ಹಿಂದಕ್ಕೆ ಬಂತು.

ಯಾಕೆಂದರೆ ವಳ್ಳಿಯ ತವರಿನ ವಂಶದಲ್ಲಿ ಸೀರನ್ನು ಪರೀಕ್ಷೆ ಮಾಡುವಂತಿಲ್ಲ. ಸೀರೆಯ ಮಡಿಕೆ ಬಿಡಿಸಬಾರದು, ಬೆಲ್ಲ ತೂಗಬಾರದು, ಪಾತ್ರೆ ಬಡಿದು ಸದ್ದು ಕೇಳಬಾರದು. ದಾನ ಕೊಟ್ಟ ಹಸುವಿನ ಹಲ್ಲು ನೋಡಬಾರದು ಅನ್ನುವ ಗಾದೆ ಎಲ್ಲರ ಬಾಯಲ್ಲೂ ಇದೆ. ಇವರು ಮಾತ್ರ ಅದನ್ನು ಪಾಲಿಸುತ್ತಾರೆ. ವಳ್ಳಿಯ ಸೋದರತ್ತೆಯೊಬ್ಬಳು ಹಿಂದೆ ತವರಿನ ಹಿತ್ತಾಳೆ ಕೊಡವನ್ನು ತೂಗಿ ನೋಡಿದಳಂತೆ. ಸಾಯುವವರೆಗೂ ಅವಳಿಗೆ ತವರಿನಿಂದ ಕರೆ ಬರಲಿಲ್ಲ.

ಮಾರನೆಯ ದಿನ ಆಂಡಿ ಟೈರು ಹಾಕಿಸಲು ಪಂಚರ್ ಅಂಗಡಿಗೆ ಹೋದ. ಅಂಗಡಿಯ ಪೆರಿಯಣ್ಣನ್ ಟ್ಯೂಬು ತೂರಿಸಲು ಟೈರಿನೊಳಗೆ ಕೈ ಹಾಕಿದ. ಆಂಡಿ ಎದ್ದು ಹೋಗಿ ಎದುರಿನ ಟೀ ಅಂಗಡಿಯ ಮುಂದೆ ಬೆನ್ನು ತಿರುಗಿಸಿ ನಿಂತ. ಸ್ವಲ್ಪ ಹೊತ್ತಿಗೆ ಪೆರಿಯಣ್ಣನ್ ಕೂಗಿದ, "ಅಣ್ಣಾ, ಇದರೊಳಗೆ..."

"ಹೇಳ್ಬೇಡ," ಅಂದ ಆಂಡಿ.

"ಅಲ್ಲಣ್ಣಾ, ಒಂದ್ಸಲ ಬಂದು..."

"ಸೀರಿಗೆ ಬಂದಿದ್ದಪ್ಪಾ. ಹೇಳ್ಬೇಡ, ಹಾಕು."

ಪೆರಿಯಣ್ಣನ್ ಹಾಕಿದ. ಅವನಿಗೇನು.

ಅಲ್ಲಿಂದ ಶುರುವಾಯಿತು ನೋಡಿ ಆಂಡಿಯ ಪಾಡು. ಯಾವುದೋ ಒಂದು ಟೈರಿನಲ್ಲಿ ಏನೋ ಇದೆ. ಯಾವುದು, ಏನು, ಗೊತ್ತಿಲ್ಲ. ಬಿಚ್ಚಿ ನೋಡಿದರೆ ವಳ್ಳಿಯ ತವರು ಹೋಗುತ್ತದೆ, ನೋಡದಿದ್ದರೆ ಹೆಂಗಸರ ಜೀವ ಹೋಗಬಹುದು. ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಮನೆಯಲ್ಲಿ ನೋಡಿದರೆ ದಿನಾ ಸಂಜೆ ತಮ್ಮನ ಫೋನು. ವಳ್ಳಿ ಅಡುಗೆ ಮಾಡುತ್ತಲೇ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ದ್ರಾಕ್ಷಿಯ ಬೆಲೆಯಿಂದ ಹಿಡಿದು ತಮ್ಮನ ಹೆಂಡತಿ ಮುತ್ತುಲಕ್ಷ್ಮಿಯ ಸೊಂಟನೋವಿನವರೆಗೆ ಎಲ್ಲ ಕೇಳುವಳು. ಅವಳು ಅಷ್ಟು ಮಾತಾಡುವವಳೆಂದು ಆಂಡಿಗೇ ಗೊತ್ತಿರಲಿಲ್ಲ. ಅದನ್ನು ಕೇಳುತ್ತಾ ಅನ್ನ ಕಲಸುವಾಗ ಅವನಿಗೆ ಸಂತೋಷವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಒಳದಾರಿಯಲ್ಲಿ ಆನೆಪಾರೆ ಅಂತ ಒಂದು ಜಾಗ. ಒಂದು ಕಡೆ ಚೂಪು ಬಂಡೆ, ಇನ್ನೊಂದು ಕಡೆ ಇಳಿಜಾರು. ಆಂಡಿ ಅಲ್ಲಿ ಹೆಂಗಸರನ್ನೆಲ್ಲ ಇಳಿಸತೊಡಗಿದ. ಖಾಲಿ ಜೀಪು ದಾಟಿಸಿ, ಆಚೆ ನಿಂತು, ನಡೆದು ಬಂದವರನ್ನು ಮತ್ತೆ ಹತ್ತಿಸಿಕೊಳ್ಳುವನು.

"ಏನಕ್ಕೆ ಇಳೀಬೇಕು?" ಅಂತ ಹೆಂಗಸರು.

"ನಡೆದ್ರೆ ಸಕ್ಕರೆ ಕಾಯಿಲೆ ಬರಲ್ಲ," ಅಂತ ಆಂಡಿ.

"ಇಡೀ ದಿನ ಬೆಟ್ಟದಲ್ಲಿ ಬಗ್ಗಿ ಏಲಕ್ಕಿ ಕೀಳ್ತೀವಲ್ಲೋ, ನಮಗ್ಯಾಕೋ ಸಕ್ಕರೆ ಬರುತ್ತೆ!" ಅಂತ ಓಚ್ಚಮ್ಮಾಳ್ ಕನ್ನಡದಲ್ಲಿ ಶುರುಮಾಡಿದಳು. ಮುಂದಿನದನ್ನು ಇಲ್ಲಿ ಬರೆಯುವಂತಿಲ್ಲ.

ಪೊಂಗಲ್ ಕಳೆದು ಮಾಸಿ ತಿಂಗಳ ಹೊತ್ತಿಗೆ ಅವಳ ಮೊಣಕಾಲು ಊದಿತು. ಒಂದು ಬೆಳಗ್ಗೆ ಆನೆಪಾರೆಯಲ್ಲಿ ಎಲ್ಲರೂ ಇಳಿದರು, ಅವಳು ಕೂತೇ ಇದ್ದಳು.

"ನಾ ಇಳಿಯಲ್ಲ. ಟೈರಲ್ಲಿ ಏನಾದ್ರೂ ಐತಾ? ನೀ ನೋಡ್ದೆ ತಾನೆ?"

ಒಂದು ಮಾತು. ನೋಡಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆಂಡಿ ಮುಂದಿನ ಗಾಜನ್ನೇ ನೋಡುತ್ತಾ, "ಹ್ಞೂಂ, ನೋಡ್ದೆ," ಅಂದ.

"ಮತ್ತೆ ನಡಿ, ಮೂದೇವಿ."

ನಡೆಯಿತು. ಬಂಡೆ ಹಿಂದಿನ ಎಡಟೈರಿನ ಪಕ್ಕವನ್ನು ಕಚ್ಚಿತು, ಟೈರು ಢಮ್ ಅಂತ ಬಾಯಿಬಿಟ್ಟಿತು, ಜೀಪು ಹಿಂದಕ್ಕೆ ಜಾರಿ ಇಳಿಜಾರಿನ ಅಂಚಿನಲ್ಲಿದ್ದ ಒಂದು ಹಲಸಿನ ಮರಕ್ಕೆ ಒರಗಿ ನಿಂತಿತು. ಓಚ್ಚಮ್ಮಾಳ ಎಲೆಯಡಿಕೆ ಚೀಲ, ಊಟದ ಡಬ್ಬಿ, ಒಂದು ಚಪ್ಪಲಿ ಕೆಳಗೆ ಹೋದವು. ಅವಳು ಹೋಗಲಿಲ್ಲ. ಎರಡು ಕೈಯಲ್ಲೂ ಕಂಬಿ ಹಿಡಿದುಕೊಂಡು ಕೂತಿದ್ದಳು. ಹಣೆ ಒಡೆದು ರಕ್ತ ಬರುತ್ತಿತ್ತು. ಒಂದು ಬೈಗುಳವೂ ಅವಳ ಬಾಯಿಂದ ಬರಲಿಲ್ಲ. ಆಂಡಿ ಹೆದರಿದ್ದು ಅದಕ್ಕೇ.

ಅವಳನ್ನು ಜೆಯಕುಮಾರನ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿ, ಹಣೆಗೆ ಹೊಲಿಗೆ ಹಾಕಿದರು ಅಂತ ಸುದ್ದಿ ಬಂದ ಮೇಲೆ ಅವನು ಹರಿದ ಟೈರು ಬಿಚ್ಚಿದ. ಒಳಗಡೆ ಪಕ್ಕದಲ್ಲಿ ಅಂಗೈಗಿಂತ ಅಗಲದ ತೇಪೆ. ಯಾವುದೋ ಕಾಲದಲ್ಲಿ ಸೀಳಿದ್ದಕ್ಕೆ ತೇಪೆ ಹಚ್ಚಿ, ಮೇಲೆ ಹೊಚ್ಚ ಹೊಸ ರಬ್ಬರು ಕೂರಿಸಿದ್ದರು. ಕೈ ಹಾಕಿದ್ದರೆ ಕುರುಡನಿಗೂ ಸಿಗುತ್ತಿತ್ತು.

ಮನೆಗೆ ಬಂದು ವಳ್ಳಿಗೆ ಎಲ್ಲ ಹೇಳಿದ. ಪೆರಿಯಣ್ಣನ್ ಕೂಗಿದ್ದನ್ನೂ, ಹೇಳಬೇಡ ಅಂದದ್ದನ್ನೂ, ಓಚ್ಚಮ್ಮಾಳ್‌ಗೆ ಸುಳ್ಳು ಹೇಳಿದ್ದನ್ನೂ. ವಳ್ಳಿ ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಯಾಕ್ ನೋಡ್ಲಿಲ್ಲ?"

"ನಿನ್ ತವರು..."

"ನನ್ ತವರು ಉಳೀಲಿ ಅಂತ ಆ ಅಕ್ಕನ್ನ ಸಾಯ್ಸೋಕೆ ಓಗಿದ್ರಾ? ನಾ ಕೇಳಿದ್ನಾ ನಿಮ್ನ?" ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕೇಳ್ದೆ. ಆವತ್ತು ಕಣ್ಣಲ್ಲೇ ಕೇಳ್ದೆ," ಅಂತ ಮೆಲ್ಲಗೆ ಅಂದಳು. ಅವನ ಮೇಲೆ ಬಂದ ಸಿಟ್ಟು ಅವಳ ಮೇಲೇ ತಿರುಗಿ ಕೂತಿತು. ಇಬ್ಬರೂ ಅವತ್ತು ಊಟ ಮಾಡಲಿಲ್ಲ.

ಮರುದಿನ ಗಂಡಹೆಂಡತಿ ಹರಿದ ಟೈರನ್ನು ಬಸ್ಸಿಗೆ ಹಾಕಿಕೊಂಡು ಚಿನ್ನಮನೂರಿಗೆ ಹೋದರು. ಕಂಡಕ್ಟರ್ ಟೈರಿಗೂ ಟಿಕೆಟ್ ಹರಿದ. ಹರಿಹರನ್ ದ್ರಾಕ್ಷಿ ಚಪ್ಪರದ ಕೆಳಗಿದ್ದ. ಟೈರು ಉರುಳಿಸಿಕೊಂಡು ಬರುವ ಅಕ್ಕನನ್ನು ನೋಡಿದ, ಮುಖ ಗಂಟಿಕ್ಕಿತು.

"ಸೀರನ್ನ ತಿರುಗ್ಸಿ ನೋಡಿದ್ರಾ ಅಕ್ಕಾ?"

"ಇಲ್ಲ ತಮ್ಮಾ. ಅದಕ್ಕೇ ಬಂದಿದ್ದು. ನೀ ನೋಡು."

"ಕೊಟ್ಟವ್ನು ನೋಡ್ಬಾರ್ದು," ಅಂತ ಅವನು ಮುಖ ಆಚೆ ತಿರುಗಿಸಿದ. ಆ ಮನೆತನದವರು ಮುಖ ತಿರುಗಿಸುವುದನ್ನು ತೊಟ್ಟಿಲಲ್ಲೇ ಕಲಿಯುತ್ತಾರೋ ಏನೋ. ವಳ್ಳಿ ಅವನ ಮಣಿಕಟ್ಟು ಹಿಡಿದು ಕೈಯನ್ನು ಟೈರಿನೊಳಗೆ ತುರುಕಿದಳು. ತೇಪೆಯ ಮೇಲೆ ಹೋದ ಬೆರಳು ಸೀಳಿನಲ್ಲಿ ಇಳಿದು ಆಚೆಗೆ ಬಂತು. ಹರಿಹರನ್ ಆಚೆ ಬಂದ ತನ್ನ ಬೆರಳನ್ನೇ ನೋಡಿದ.

"ಯಾರ್ ಕೂತಿದ್ರು?"

"ಓಚ್ಚಮ್ಮಕ್ಕ. ಜೀವ ಉಳೀತು."

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. "ಅಕ್ಕಾ, ಅಂಗಡಿಯವ್ನು ನೋಡ್ಕೊಳ್ಳಿ ಅಂದ. ಸೀರಿಗೆ ಕೊಡೋದು, ನೋಡಲ್ಲ, ಕಟ್ಟು ಅಂದುಬಿಟ್ಟೆ," ಅಂತ ಹೇಳಿ ಮಗುವಿನ ಹಾಗೆ ಗೊಳೋ ಅಂತ ಅತ್ತ. ವಳ್ಳಿ ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು. ಇಬ್ಬರಲ್ಲಿ ಯಾರಿಗೆ ಬಯ್ಯುವುದು ಅಂತ ತಿಳಿಯದೆ ತಮ್ಮನ ತಲೆ ಸವರಿದಳು. ಮುಖ ತಿರುಗಿಸಿಕೊಂಡು ಹೋಗುತ್ತಾನೆ ಅಂತ ಅವಳು ಹೆದರಿದ್ದಳು. ಹೋಗಲಿಲ್ಲ. ಮಧ್ಯಾಹ್ನವೇ ಅವರ ಜೊತೆ ಕಂಬಂಗೆ ಬಂದ, ಓಚ್ಚಮ್ಮಾಳ್ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿ ಕಾಲಿಗೆ ಬಿದ್ದ.

ಉಳಿದ ಮೂರು ಟೈರನ್ನು ಅಂಗಳದಲ್ಲಿ ಬಿಚ್ಚಿದರು. ಆಂಡಿ ತಾನು ಕೈ ಹಾಕಿ ನೋಡಿ, ತಡಕುವುದನ್ನು ಹೇಳಿಕೊಟ್ಟ, ವಳ್ಳಿ ತೋಳೇರಿಸಿ ತಡಕಿದಳು. ಒಂದರ ಪಕ್ಕದಲ್ಲಿ ಬಿರುಕು ಸಿಕ್ಕಿತು, ಅದನ್ನು ಎಸೆದರು. ಎರಡು ಗಟ್ಟಿಯಾಗಿದ್ದವು, ಇವತ್ತಿಗೂ ಓಡುತ್ತಿವೆ. ಇನ್ನೆರಡು ಚಕ್ರಕ್ಕೆ ಆಂಡಿಯದೇ ಹಳೇ ಟೈರಿಗೆ ರೀಟ್ರೇಡ್ ಮಾಡಿಸಿ ತಂದು, ಇಬ್ಬರೂ ತಡಕಿ ನೋಡಿ ಹಾಕಿದರು. ಹರಿಹರನ್ ಈಗಲೂ ದಿನಾ ಸಂಜೆ ಫೋನು ಮಾಡುತ್ತಾನೆ.

ಹಣೆಯ ಹೊಲಿಗೆ ಬಿಚ್ಚಿದ ಮೇಲೆ ಓಚ್ಚಮ್ಮಾಳ್ ಮೊದಲ ಸಲ ಕೆಲಸಕ್ಕೆ ಹೊರಟು ಆಂಡಿಯ ಮನೆ ಬೀದಿಗೇ ಬಂದಳು. ಉಳಿದ ಹೆಂಗಸರು ಅವಳ ಹಿಂದೆ ನಿಂತರು. ಆಂಡಿ ಜೀಪಿನ ಹಿಂಬಾಗಿಲು ತೆಗೆದು, "ಹತ್ತಕ್ಕಾ. ಎಲ್ಲಾ ಟೈರೂ ನಾನೇ ಕೈ ಹಾಕಿ ನೋಡಿದೀನಿ," ಅಂದ. ನಿಜವನ್ನೇ ಹೇಳಿದ್ದ.

ಓಚ್ಚಮ್ಮಾಳ್ ಅವನನ್ನು ಬಯ್ಯಲಿಲ್ಲ. ಕೇಳಿಸದವಳ ಹಾಗೆ ಜೀಪನ್ನು ದಾಟಿ, ಅವನ ಮನೆ ಬಾಗಿಲಿಗೆ ಹೋಗಿ ನಿಂತು, ಪಾತ್ರೆ ಬೆಳಗುತ್ತಿದ್ದ ವಳ್ಳಿಯನ್ನು ಕೇಳಿದಳು: "ನೀ ನೋಡಿದ್ಯಾ ತಾಯಿ?"

"ನೋಡ್ದೆ ಅಕ್ಕಾ," ಅಂದಳು ವಳ್ಳಿ.

ಹೆಂಗಸರು ಹತ್ತಿದರು. ಆಂಡಿ ಗಾಡಿ ಶುರುಮಾಡಿದ.