ಜಲ್ಲಿ ದಾರಿಗೆ ಚಕ್ರ ಕಟ್ಟುವ ಕಡ್ಡಿಯಕ್ಕ

ಬೆಳಗಿನ ಐದೂವರೆ. ಸೈಕಲ್ ಅಂಗಡಿಯ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದಿನ ಓಣಿಗೆ ಮುಖ ಮಾಡಿದ ಹತ್ತಡಿ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿದ ಚಕ್ರವೊಂದು ಸದ್ದಿಲ್ಲದೆ ತಿರುಗುತ್ತಿದೆ. ಅದರ ಮುಂದೆ ಸ್ಟೂಲಿನ ಮೇಲೆ ಕುಳಿತ ಐವತ್ನಾಲ್ಕರ ಹೆಂಗಸು ಒಂದು ಕಣ್ಣು ಮುಚ್ಚಿಕೊಂಡು, ರಿಮ್ಮಿಗೂ ಸ್ಟ್ಯಾಂಡಿನ ಮುಳ್ಳಿಗೂ ನಡುವಿನ ಕೂದಲೆಳೆಯಷ್ಟು ಸಂದನ್ನೇ ನೋಡುತ್ತಿದ್ದಾರೆ. ಒಂದು ಕಡೆ ಸಂದು ಕಿರಿದಾದಂತೆ ಕಂಡಿತೋ ಏನೋ, ಚಕ್ರ ನಿಲ್ಲಿಸಿ, ಕಡ್ಡಿಯ ತುದಿಯ ನಿಪ್ಪಲನ್ನು ಕಾಲು ಸುತ್ತು ಬಿಗಿ ಮಾಡುತ್ತಾರೆ. ಮತ್ತೆ ತಿರುಗಿಸುತ್ತಾರೆ.

“ಇನ್ನೊಂದು ಚೂರಿದೆ. ಕೂತ್ಕೊಳ್ಳಿ, ಆ ಡಬ್ಬದ ಮೇಲಲ್ಲ, ಅದರೊಳಗೆ ಬೇರಿಂಗ್ ಇದೆ,” ಎನ್ನುತ್ತಾರೆ, ಪೇಪರಿಗೆ ಬರೆಯಲು ಬಂದ ನನ್ನತ್ತ ತಲೆ ಎತ್ತದೆ.

ಊರಿನ ಸೈಕಲ್ ಸವಾರರೆಲ್ಲ ಇವರನ್ನು ಕರೆಯುವುದು ಕಡ್ಡಿಯಕ್ಕ ಎಂದು. ಮೂವತ್ತೊಂದು ವರ್ಷದಿಂದ ಚಕ್ರ ಕಟ್ಟುತ್ತಿದ್ದಾರೆ. ಒಂದು ಚಕ್ರಕ್ಕೆ ಮೂವತ್ತೆರಡು ಕಡ್ಡಿ; ದಿನಕ್ಕೆ ಮೂರು ಹೊಸ ಚಕ್ರ; ಜೊತೆಗೆ ಬೆಂಡಾಗಿ ಬಂದ ಏಳೆಂಟು ಹಳೆಯವು. “ಬೆಳಗಾದ್ರೆ ಕಡ್ಡಿ ಆಡಿಸೋದೇ ನನ್ನ ಕಸುಬು. ಆದ್ರೂ ಯಾರ ಮನೇಲೂ ಜಗಳ ಆಗಿಲ್ಲ ನೋಡಿ,” ಎಂದು ನಗುತ್ತಾರೆ. ನಗು ಬೇಗ ಆರಿಹೋಗುತ್ತದೆ.

ಕೆಲಸ ಕಲಿಸಿದ್ದು ಅಪ್ಪ. ಅವರು ರೋಡ್ ರೇಸ್ ಹುಡುಗರ ಮೆಕ್ಯಾನಿಕ್. ನುಣುಪಾದ ಡಾಂಬರು, ಬೆರಳಿನಷ್ಟು ಸಪೂರ ಟೈರು, ಕಲ್ಲಿನಂತೆ ಗಟ್ಟಿಯಾಗುವಷ್ಟು ಗಾಳಿ. ಸೈಕಲ್ ಎಂದರೆ ಅಷ್ಟೇ ಎಂದು ಆ ಮನೆಯಲ್ಲಿ ನಂಬಿದ್ದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಮುಂಭಾಗವನ್ನು ತಮ್ಮ ನೋಡಿಕೊಂಡ, ಹಿಂದಿನ ಕೋಣೆ ಅಕ್ಕನ ಪಾಲಿಗೆ ಬಂತು. ಮುಂದೆ ಗಾಜಿನ ಶೋಕೇಸ್, ಹಿಂದೆ ಎಣ್ಣೆ, ಗ್ರೀಸು. ಗಿರಾಕಿಗಳು ಕೈಕುಲುಕುವುದು ತಮ್ಮನ ಜೊತೆ.

ಆರೇಳು ವರ್ಷದ ಹಿಂದೆ ಜನ ಗ್ರಾವೆಲ್ ಸೈಕಲ್ ಕೇಳಿಕೊಂಡು ಬರತೊಡಗಿದರು. ನೋಡಲು ರೋಡ್ ಸೈಕಲ್ಲಿನ ಹಾಗೇ ಬಾಗಿದ ಹ್ಯಾಂಡಲ್. ಆದರೆ ಟೈರು ಎರಡು ಬೆರಳಗಲ, ಗಾಳಿ ಮೂರನೇ ಒಂದು ಪಾಲು. ಕಾಲುವೆ ಏರಿ, ಕಲ್ಲುಕ್ವಾರಿಯ ಹಿಂದಿನ ಜಲ್ಲಿ ದಾರಿ, ಕಾಡಂಚಿನ ಮಣ್ಣು ರಸ್ತೆಗಳಿಗಾಗಿ ಮಾಡಿದ್ದು. ಡಾಂಬರಿನ ಮೇಲೆ ಲಾರಿ ಕಾರುಗಳು ಮೈಗೆ ಸವರಿಕೊಂಡೇ ಹೋಗುವಂತಾದ ಮೇಲೆ ಹೆಂಗಸರು, ವಯಸ್ಸಾದವರು, ಹೊಸಬರು ಆ ಕಡೆ ತಿರುಗಿದರು. ರೋಡಿನಲ್ಲಿ ಗುಂಪಿನ ವೇಗ ಹಿಡಿಯದವರು ಹಿಂದೆ ಬಿದ್ದು ಒಂಟಿಯಾಗುತ್ತಾರೆ. ಜಲ್ಲಿ ದಾರಿಯಲ್ಲಿ ಎಲ್ಲರೂ ನಿಧಾನ, ಎಲ್ಲರೂ ಕೆಸರು. ಇವತ್ತು ಈ ಕೋಣೆಗೆ ಬರುವ ಹತ್ತು ಚಕ್ರಗಳಲ್ಲಿ ಏಳು ಗ್ರಾವೆಲ್ಲಿನವು.

“ನಾನು ಮೂಗು ಮುರೀತಿದ್ದೆ,” ಎನ್ನುತ್ತಾರೆ ಕಡ್ಡಿಯಕ್ಕ. “ರೋಡಲ್ಲಿ ಓಡಿಸೋ ತಾಕತ್ತಿಲ್ಲದವರ ಶೋಕಿ ಅಂತಿದ್ದೆ. ಜೋರಾಗೇ ಅಂತಿದ್ದೆ, ಎಲ್ಲರಿಗೂ ಕೇಳೋ ಹಾಗೆ.”

ಹಾಗೆ ಅಂದ ಒಂದು ಬೆಳಗಿನ ಕಥೆ ಹೇಳುವ ಮೊದಲು ನಿಪ್ಪಲ್ ತಿರುಗಿಸುವ ಕೀಲಿಯನ್ನು ಮೂರು ಸಲ ಒರೆಸಿದರು.

ಎರಡು ವರ್ಷದ ಹಿಂದೆ ಒಬ್ಬ ನರ್ಸಮ್ಮ ಬಂದಿದ್ದರು. ಐವತ್ತರ ಆಸುಪಾಸು, ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಸೈಕಲ್ ತಳ್ಳಿಕೊಂಡು ಬಂದವರು. ಶನಿವಾರ ಮೊದಲ ಬಾರಿ ಜಲ್ಲಿ ದಾರಿಯ ಗುಂಪಿನೊಂದಿಗೆ ಹೊರಟಿದ್ದೇನೆ, ಅಗಲದ ಟೈರು ಹಾಕಿಕೊಡಿ ಎಂದು ಕೇಳಿದರು. ಕಡ್ಡಿಯಕ್ಕನೇ ಚಕ್ರ ಕಟ್ಟಿದ್ದ ಆ ಸೈಕಲ್ಲಿನಲ್ಲಿ ಅದಕ್ಕೆ ಜಾಗವೂ ಇತ್ತು.

“ಅಯ್ಯೋ, ಅದೆಲ್ಲ ಯಾಕಮ್ಮ? ಇರೋದೇ ಸಾಕು ಅಂದ್ಬಿಟ್ಟೆ. ಗಾಳಿ ಎಷ್ಟಿರಬೇಕಕ್ಕಾ ಅಂತ ಕೇಳಿದ್ರು, ಪಾಪ. ರೋಡಿಗೆ ಹೇಗೋ ಹಾಗೇ ಅಂತ ನಾನೇ ನೂರು ಪೌಂಡ್ ತುಂಬಿ ಕಳಿಸ್ದೆ. ಜಲ್ಲಿ ಮೇಲೆ ಎಷ್ಟಿರಬೇಕು ಅಂತ ನನಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ.”

ಕ್ವಾರಿಯ ಇಳಿಜಾರಿನಲ್ಲಿ ಆ ಸಪೂರ ಗಟ್ಟಿ ಟೈರು ಕಲ್ಲಿನಿಂದ ಕಲ್ಲಿಗೆ ಪುಟಿದು, ತಿರುವಿನಲ್ಲಿ ಜಾರಿತು. ನರ್ಸಮ್ಮನ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು.

ಸೋಮವಾರ ಅವರ ಗಂಡ ಸೊಟ್ಟಗಾದ ಚಕ್ರ ಹಿಡಿದುಕೊಂಡು ಅಂಗಡಿಗೆ ಬಂದರು. ಜಗಳಕ್ಕೆ ಬಂದವರಲ್ಲ, ರಿಪೇರಿ ಆಗುತ್ತದೆಯೇ ಎಂದು ಕೇಳಲು ಬಂದವರು. ಅಲ್ಲಿ ಐದಾರು ಜನ ಸವಾರರೂ ಇದ್ದರು. ಕಡ್ಡಿಯಕ್ಕ ಚಕ್ರವನ್ನು ಒಮ್ಮೆ ತಿರುಗಿಸಿ, ಕಡ್ಡಿ ಮುರಿದಂತೆ ಹೇಳಿದರು: “ಚಕ್ರದ್ದೇನೂ ತಪ್ಪಿಲ್ಲ. ಮುಂದಿನ ಬ್ರೇಕ್ ಒತ್ತಿ ಹಿಡಿದಿದ್ದಾರೆ. ಓಡಿಸೋಕೆ ಬರದಿದ್ರೆ ಇಳಿಜಾರಿಗೆ ಹೋಗಬಾರದು.”

ಗಂಡ ತಲೆಯಾಡಿಸಿ ಹೊರಟುಹೋದರು. ಉಳಿದವರು ನಕ್ಕರು. ಮಾತು ವಾರದೊಳಗೆ ಎಲ್ಲ ಗುಂಪುಗಳಿಗೂ ಮುಟ್ಟಿತು. ಬ್ರೇಕ್ ಒತ್ತಿ ಬೀಳುವವರಿಗೆಲ್ಲ ‘ನರ್ಸಮ್ಮ’ ಎಂಬ ಅಡ್ಡಹೆಸರೂ ಹುಟ್ಟಿಕೊಂಡಿತು. ಆಗ ಒಂದು ಗುಂಪಿನಲ್ಲಿ ಸೈಕಲ್ ಓಡಿಸುತ್ತಿದ್ದ ನಾನೂ ಆ ಹೆಸರಿಟ್ಟು ನಕ್ಕವರಲ್ಲಿ ಒಬ್ಬ. ಈ ಸಾಲು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

“ಹೇಳೋವಾಗ್ಲೇ ಗೊತ್ತಿತ್ತು, ಸುಳ್ಳು ಅಂತ,” ಎನ್ನುತ್ತಾರೆ ಕಡ್ಡಿಯಕ್ಕ. “ಬ್ರೇಕ್ ಒತ್ತಿದ ಗುರುತು ಟೈರಿನ ಮೇಲೆ ಇರುತ್ತೆ. ಇರ್ಲಿಲ್ಲ. ನಾನು ನೋಡಿದ್ದೆ.”

ಆರು ತಿಂಗಳ ನಂತರ ಕಡ್ಡಿಯಕ್ಕ ತಮ್ಮ ಅಮ್ಮನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಲು ಆಸ್ಪತ್ರೆಗೆ ಹೋದಾಗ ಚೀಟಿ ಬರೆಯುವ ಕಿಟಕಿಯ ಹಿಂದೆ ಕುಳಿತಿದ್ದವರು ಅದೇ ನರ್ಸಮ್ಮ. ಸೂಜಿ ಹಿಡಿದರೆ ಕೈ ನಡುಗುತ್ತದೆಂದು ವಾರ್ಡಿನಿಂದ ಅಲ್ಲಿಗೆ ಹಾಕಿದ್ದರು. ಗುರುತು ಹಿಡಿದು ಎದ್ದು ನಿಂತು, ಅಮ್ಮನಿಗೆ ಕುರ್ಚಿ ಹಾಕಿಸಿದರು. ಆಮೇಲೆ ಸಣ್ಣ ದನಿಯಲ್ಲಿ, “ಅಕ್ಕಾ, ನೀವು ಅಷ್ಟು ಚೆನ್ನಾಗಿ ಕಟ್ಟಿದ ಚಕ್ರ ಹಾಳು ಮಾಡ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ,” ಎಂದರು.

“ಚಪ್ಪಲಿ ತಗೊಂಡು ಹೊಡೆದಿದ್ರೂ ಅಷ್ಟು ಆಗ್ತಿರ್ಲಿಲ್ಲ,” ಎನ್ನುತ್ತಾರೆ ಕಡ್ಡಿಯಕ್ಕ. “ಅಲ್ಲೇ ಹೇಳಬಹುದಿತ್ತು. ಹೇಳ್ಲಿಲ್ಲ. ಅಮ್ಮನ್ನ ಕರ್ಕೊಂಡು ಬಂದ್ಬಿಟ್ಟೆ.”

ಮನೆಯಲ್ಲಿ ತಮ್ಮನಿಗೆ ಹೇಳಿದರು. ಅವನು ತಟ್ಟೆಯಿಂದ ತಲೆ ಎತ್ತದೆ, “ಆಗಿದ್ದು ಆಗೋಯ್ತು ಬಿಡಕ್ಕಾ. ಈಗ ಬಾಯಿಬಿಟ್ರೆ ಅಂಗಡಿ ಹೆಸರು ಹೋಗುತ್ತೆ,” ಎಂದ. ಮೂರು ವಾರ ಸುಮ್ಮನಿದ್ದರು. ನಾಲ್ಕನೇ ಭಾನುವಾರ ವಿಳಾಸ ಹುಡುಕಿಕೊಂಡು ನರ್ಸಮ್ಮನ ಮನೆಯ ಎರಡನೇ ಮಹಡಿ ಹತ್ತಿದರು. ನರ್ಸಮ್ಮ ಬಾಲ್ಕನಿಯಲ್ಲಿ ಎಡಗೈಯಿಂದ ಬಟ್ಟೆ ಹರವುತ್ತಿದ್ದರು. ಕಡ್ಡಿಯಕ್ಕ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದರು: ಟೈರಿನದು, ಗಾಳಿಯದು, ಗಂಡನೆದುರು ಆಡಿದ ಸುಳ್ಳಿನದು.

ನರ್ಸಮ್ಮ ಬಕೆಟ್ಟಿನಲ್ಲಿದ್ದ ಕೊನೆಯ ಟವೆಲ್ ಹರವಿ ಮುಗಿಸಿದರು. ಆಮೇಲೆ ಇಷ್ಟೇ ಹೇಳಿದರು: “ಕೈ ಮುರಿದಿದ್ದು ಹೋಗ್ಲಿ. ನನಗೆ ಓಡಿಸೋಕೆ ಬರಲ್ಲ ಅಂತ ನಾನೇ ನಂಬಿದ್ದೆನಲ್ಲಕ್ಕಾ. ಸೈಕಲ್ ಕೊಟ್ಟುಬಿಟ್ಟೆ.”

ಒಳಗೆ ಬನ್ನಿ ಎನ್ನಲಿಲ್ಲ. ಕಡ್ಡಿಯಕ್ಕನೂ ಅದನ್ನು ನಿರೀಕ್ಷಿಸಿರಲಿಲ್ಲ.

ಅದರ ಮರುವಾರ ಕಡ್ಡಿಯಕ್ಕ ಗಿರಾಕಿಯೊಬ್ಬರ ಗ್ರಾವೆಲ್ ಸೈಕಲ್ ಕೇಳಿ ಪಡೆದು, ಒಬ್ಬರೇ ಕ್ವಾರಿಯ ಇಳಿಜಾರಿಗೆ ಹೋದರು. ಐವತ್ತು ದಾಟಿದ ಮೇಲೆ ಮೊದಲ ಸಲ ಜಲ್ಲಿಯ ಮೇಲೆ ಸೈಕಲ್ ಹತ್ತಿದ್ದು. ಮೂರು ಸಲ ಬಿದ್ದರು, ಮೊಣಕಾಲು ತರಚಿಹೋಯಿತು. ಗಾಳಿ ಇಳಿಸಿ ನೋಡಿದರು, ಏರಿಸಿ ನೋಡಿದರು. ಮೂವತ್ತೈದು ಪೌಂಡಿಗೆ ಟೈರು ಕಲ್ಲನ್ನು ತಬ್ಬಿಕೊಂಡು ಇಳಿಯುವುದು ಕೈಗೆ ಗೊತ್ತಾಯಿತು. “ನನ್ನ ಅರ್ಧದಷ್ಟು ವಯಸ್ಸಿನವರ ಹತ್ತಿರ ಕೇಳಿ ಕೇಳಿ ಕಲಿತೆ. ನಾಚಿಕೆ ಆಗ್ತಿತ್ತು. ಆಗ್ಲಿ ಅಂತ ಬಿಟ್ಟೆ.”

ಈಗ ಚಕ್ರ ಯಾರೇ ತಂದರೂ ಕಡ್ಡಿಯಕ್ಕನ ಮೊದಲ ಪ್ರಶ್ನೆ, “ಯಾವ ದಾರಿಗೆ?” ಎರಡನೆಯದು ಸವಾರರ ತೂಕ. ಹೆಂಗಸರು ಹಿಂಜರಿದರೆ ಕಿವಿಯಲ್ಲಿ ಹೇಳಿ ಎನ್ನುತ್ತಾರೆ. ಮುಂದಿನ ಚಕ್ರಕ್ಕೆ ಎಷ್ಟು ಗಾಳಿ, ಹಿಂದಿನದಕ್ಕೆ ಎಷ್ಟು ಎಂದು ಬಿಳಿ ಟೇಪಿನ ಮೇಲೆ ಬರೆದು ರಿಮ್ಮಿಗೆ ಅಂಟಿಸಿ ಕೊಡುತ್ತಾರೆ. ಗೊತ್ತಿಲ್ಲದ್ದನ್ನು ಕೇಳಿದರೆ “ಗೊತ್ತಿಲ್ಲ, ನಾಳೆ ಬನ್ನಿ” ಎನ್ನುತ್ತಾರೆ.

ಹೊರಗೆ ಬೆಳಕಾಗಿದೆ. ಅಂಗಡಿಯ ಮುಂದಿನ ಷಟರನ್ನು ತಮ್ಮ ಎತ್ತುವ ಸದ್ದು ಕೇಳುತ್ತದೆ. ಏನೇನು ಬರೆಯುತ್ತೀರಿ ಎಂದು ಕಡ್ಡಿಯಕ್ಕ ಕೇಳುತ್ತಾರೆ. ನಿಮ್ಮ ಮೂವತ್ತೊಂದು ವರ್ಷದ ಶ್ರಮ, ಎನ್ನುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

“ಅದೆಲ್ಲ ಬೇಡ. ಮನೆಗೆ ಹೋಗಿ ಒಬ್ಬರಿಗೆ ಹೇಳಿದ್ದು ಹೇಳಿದ ಹಾಗಲ್ಲ. ಸುಳ್ಳು ಹೇಳಿದ್ದು ಆರು ಜನರ ಮುಂದೆ. ಹೋದ ವಾರ ಮತ್ತೆ ಹೋಗಿ ನರ್ಸಮ್ಮನ್ನ ಕೇಳ್ದೆ, ಪೇಪರಲ್ಲಿ ಬರೆಸಲಾ ಅಂತ. ಬರೆಸಿ ಅಂದ್ರು, ಬಾಗಿಲು ಹಾಕ್ಕೊಂಡ್ರು.”

ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಮೊದಲ ಬಾರಿಗೆ ನನ್ನ ಮುಖ ನೋಡಿ ಹೇಳುತ್ತಾರೆ:

“ಆಯಮ್ಮನಿಗೆ ಸೈಕಲ್ ಓಡಿಸೋಕೆ ಚೆನ್ನಾಗಿ ಬರ್ತಿತ್ತು. ಅದೊಂದು ಸಾಲು ಹಾಕಿ, ಸಾಕು.”