ಆಮೆನ್ ಆದ ಮೇಲೆ

ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ತೊಗರಿ ಹೊಲ ಶುರುವಾಗುವ ಕಡೆ, ನಾಲ್ಕು ಕೋಣೆಯ ಕರುಣಾ ಪ್ರಾಥಮಿಕ ಶಾಲೆ ಇದೆ. ಅಲ್ಲಿ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಒಂದು ಸಾಲು ನಿಲ್ಲುತ್ತದೆ. ಊಟದ ಸಾಲಲ್ಲ, ಅದು ಮಧ್ಯಾಹ್ನಕ್ಕೆ. ಇದು ಕಿವಿಯ ಸಾಲು. ಬೇವಿನ ಮರದ ಕೆಳಗೆ ಮಾರ್ಥಾ ಟೀಚರ್ ಕುರ್ಚಿ ಹಾಕಿಕೊಂಡು, ತಲೆ ಓರೆ ಮಾಡಿಕೊಂಡು ಕೂತಿರುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರ ಕಿವಿಗೆ ಬಾಯಿಟ್ಟು ಮನೆಯ ಸುದ್ದಿ ಹೇಳುತ್ತಾರೆ. ಅಜ್ಜಿಗೆ ದಮ್ಮು ಹೆಚ್ಚಾಗಿದೆ. ಎಮ್ಮೆ ಹಾಲು ಬಿಡುತ್ತಿಲ್ಲ. ಅಪ್ಪ ಅವ್ವ ಮಾತು ಬಿಟ್ಟು ಮೂರು ದಿನ ಆಯಿತು. ಟೀಚರ್ ಅದನ್ನೆಲ್ಲ ರಟ್ಟಿನ ವಹಿಯಲ್ಲಿ ಬರೆದುಕೊಳ್ಳುತ್ತಾರೆ.

ಗಂಟೆಯಾಗಿ ಎಲ್ಲರೂ ಕೈಮುಗಿದು ನಿಂತಾಗ ಅವರು ಯಾರ ಹೆಸರನ್ನೂ ಎತ್ತುವುದಿಲ್ಲ. "ದೇವರೇ, ಇವತ್ತು ಐದು ಮನಿ. ಯಾವ್ಯಾವು ಅಂತ ನಿನಗ ಗೊತ್ತದ" ಎನ್ನುತ್ತಾರೆ. ಅಷ್ಟೇ ಪ್ರಾರ್ಥನೆ. ಮಕ್ಕಳಲ್ಲಿ ಕೆಲವರು ಆಮೆನ್ ಎನ್ನುತ್ತಾರೆ, ಕೆಲವರು ಆಮೀನ್ ಎನ್ನುತ್ತಾರೆ, ಬೌದ್ಧರ ಮಕ್ಕಳು ಸಾಧು ಸಾಧು ಎನ್ನುತ್ತಾರೆ, ಇನ್ನು ಕೆಲವರು ಕೊರಳ ಲಿಂಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇದನ್ನು ಯಾರೂ ಅವರಿಗೆ ಕಲಿಸಿಲ್ಲ, ಯಾರೂ ತಿದ್ದಿಯೂ ಇಲ್ಲ.

ಸಾಯಂಕಾಲ ನಾಲ್ಕಾಯಿತೋ, ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಐದೂ ಮನೆಗಳಿಗೆ ಹೊರಡುತ್ತಾರೆ. ಪ್ರಾರ್ಥನೆ ಮಾಡಿದ ಮನೆಗೆ ಹೋಗಿಯೇ ತೀರಬೇಕು, ಅದು ಅವರ ಹಟ. ಮಳೆ ಬರಲಿ, ನಾಯಿ ಅಟ್ಟಿಸಿಕೊಂಡು ಬರಲಿ, ಬಾಗಿಲಲ್ಲಿ ಅತ್ತೆ ಮುಖ ಗಂಟು ಹಾಕಿಕೊಂಡು ನಿಂತಿರಲಿ. ಹೋಗಿ ಬಂದ ಮೇಲೆ ವಹಿಯಲ್ಲಿ ಆ ಸಾಲಿನ ಕೆಳಗೆ ತಾರೀಖು ಹಾಕಿ "ಹೋಗಿಬಂದೆ" ಎಂದು ಬರೆಯುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಹತ್ತೊಂಬತ್ತು ವಹಿ ತುಂಬಿವೆ. ಎಲ್ಲವೂ ಆಫೀಸು ಕೋಣೆಯ ತಗಡಿನ ಟ್ರಂಕಿನಲ್ಲಿ, ಬೀಗದೊಳಗೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಸಂಜಿಗಿ ಪುರುಸೊತ್ತೇ ಸಿಗ್ಲಿಲ್ರಿ" ಎಂದು ಬಾಯಿ ಮುಚ್ಚಿಸುತ್ತಾರೆ.

ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ಟೀಚರ್ ಹುಟ್ಟಿದ್ದು ಕಲ್ಯಾಣದಲ್ಲಿ. ಅಪ್ಪ ನರಸಿಂಗ ಕಲ್ಲು ಒಡೆಯುವವನು. ಮಾರ್ಥಾಗೆ ಎಂಟು ವರ್ಷವಿದ್ದಾಗ ಅವ್ವ ಬಾಣಂತಿ ಜ್ವರದಲ್ಲಿ ಮಲಗಿದಳು. ಅಪ್ಪ ಕೆಲಸಕ್ಕೆ ದೂರ ಹೋಗಿದ್ದ. ಹುಡುಗಿ ತನ್ನ ಶಾಲೆಯ ಪ್ರಾರ್ಥನೆಯಲ್ಲಿ ಕೈ ಎತ್ತಿ, "ನಮ್ಮವ್ವಗ ಭಾಳ ಜ್ವರ ಬಂದಾವ" ಎಂದಳು. ನಲವತ್ತು ಮಕ್ಕಳು, ಮೂವರು ದೊಡ್ಡವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಎಂಥ ಆಮೆನ್! ಹಂಚು ಹಾರುವಂಥ ಆಮೆನ್. ಆಮೇಲೆ ಎಲ್ಲರೂ ಕೈ ಝಾಡಿಸಿಕೊಂಡು ಪಾಠಕ್ಕೆ ಹೋದರು. ಆ ಸಂಜೆ ಹುಡುಗಿ ಬಾಗಿಲಲ್ಲಿ ಕೂತು ದಾರಿ ಕಾದಳು. ಮರುದಿನವೂ ಕಾದಳು. ಯಾರೂ ಬರಲಿಲ್ಲ. ಮೂರನೆಯ ದಿನ ಅವ್ವ ತೀರಿಕೊಂಡಳು. ಮಣ್ಣಿಗೆ ಬಂದ ಹಿರಿಯರು ದೇವರ ಚಿತ್ತ ಎಂದಾಗ ಆ ಎಂಟು ವರ್ಷದ ಹುಡುಗಿ, "ದೇವರ ಚಿತ್ತ ಇರ್ಲಿ, ನಿಮ್ಮ ಕಾಲಿಗೇನಾಗಿತ್ತು?" ಎಂದು ಕೇಳಿ ಕೆನ್ನೆಗೆ ಒಂದು ಏಟು ತಿಂದಳು. ಇವತ್ತಿಗೂ ಟೀಚರಿಗೆ ದೇವರ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಆ ಆಮೆನ್ ಮೇಲೆ.

ಇಂಥ ಹೆಂಗಸಿನ ಮೇಲೆ ಕಳೆದ ವರ್ಷ ಒಂದು ಅರ್ಜಿ ಬಿತ್ತು.

ಬರೆದವನು ಕಲ್ಲಿನಾಥ. ಹೊರಗಿನವನೇನಲ್ಲ, ಅದೇ ಶಾಲೆಯಲ್ಲಿ ಓದಿದವನು. ಈಗ ಮಾಣಿಕನಗರದಲ್ಲಿ ಗೊಬ್ಬರ ಬೀಜದ ಅಂಗಡಿ, ಹೆಗಲ ಮೇಲೆ ಶಲ್ಯ, ನಾಲ್ಕು ಜನರ ನಡುವೆ ಮಾತು. ಅವನ ಮಗಳು ಮನಿಷಾ ಇಲ್ಲೇ ಎರಡನೆಯ ಇಯತ್ತೆ ಓದುತ್ತಾಳೆ. ಆ ಕೂಸು ಒಂದು ದಿನ ಟೀಚರ ಕಿವಿಯಲ್ಲಿ ಏನೋ ಹೇಳಿತು. ಟೀಚರ್ ಸಂಜೆ ಅವನ ಮನೆಗೆ ಹೋಗಿ, ಅವನ ಹೆಂಡತಿಯ ಜೊತೆ ಅರ್ಧ ತಾಸು ಕೂತು, ಎದ್ದು ಬಂದರು. ಮರುದಿನ ಅಂಗಡಿಯ ಕಟ್ಟೆಯ ಮೇಲೆ ಯಾರೋ ಹಲ್ಲು ಕಿಸಿದು, "ಏನಪ್ಪ ಕಲ್ಲಿನಾಥ, ಮಾರ್ಥಾ ಟೀಚರ್ ಬಂದಿದ್ರಂತಲ್ಲ, ಮನ್ಯಾಗ ಎಲ್ಲಾ ಬರಾಬರ್ ಅದನಾ?" ಎಂದರು. ಅವನಿಗೆ ಮೈಯೆಲ್ಲ ಉರಿಯಿತು. ಇಜ್ಜತ್ತಿನ ಪ್ರಶ್ನೆ ನೋಡಿ! ಆದರೆ ಇಜ್ಜತ್ತು ಹೋಯಿತು ಎಂದು ಅರ್ಜಿ ಬರೆಯಲಾದೀತೆ? ಟೀಚರ್ ಮಕ್ಕಳಿಂದ ಮನೆಯ ಗುಟ್ಟು ಕಸಿದು, ಧರ್ಮ ಬದಲಿಸಲು ಮನೆ ಮನೆ ತಿರುಗುತ್ತಾರೆ, ಎಲ್ಲ ಒಂದು ವಹಿಯಲ್ಲಿದೆ ಎಂದು ಬರೆದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲಿಲ್ಲ? ಹನ್ನೊಂದು ಜನ ಅದರ ಕೆಳಗೆ ದಸ್ಕತ್ತು ಹಾಕಿದರು.

ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿ ಜೈಪಾಲ ಹೆದರಿ ನೀರಾದ. ಕೆಟ್ಟವನಲ್ಲ, ಎಳೆಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಒಂದು ಕಾಗದ ಟೈಪು ಮಾಡಿಸಿಕೊಂಡು ಬಂದ. ಇನ್ನು ಮುಂದೆ ಯಾವ ಮಗುವಿನ ಮನೆಗೂ ಹೋಗುವುದಿಲ್ಲ ಎಂಬ ಮುಚ್ಚಳಿಕೆ.

"ಟೀಚರ್, ಇದಕ್ಕೊಂದು ದಸ್ಕತ್ ಹಾಕ್ರಿ. ಪ್ರಾರ್ಥನಾ ಸಾಲ್ಯಾಗ ಮಾಡ್ಕೊರಿ, ಯಾರು ಬ್ಯಾಡ ಅಂತಾರ? ಮನಿಗಿ ಮಾತ್ರ ಹೋಗಬ್ಯಾಡ್ರಿ."

"ಹೋಗದಿದ್ರ ಪ್ರಾರ್ಥನಾ ಯಾಕ ಮಾಡ್ಬೇಕೋ ಜೈಪಾಲ? ಬಾಯಿ ತುರಸ್ತದಂತನಾ?"

"ದಸ್ಕತ್ ಹಾಕದಿದ್ರ ಸಂಸ್ಥಾದವ್ರು ನಿಮ್ಮನ್ನ ಕೆಲಸದಾಗ ಇಟ್ಕೊಳ್ಳಂಗಿಲ್ರಿ. ಅವರಿಗೂ ಅಂಜಿಕಿ ಅದ."

"ಅವರ ಅಂಜಿಕಿಗಿ ನಾ ಯಾಕ ಮನ್ಯಾಗ ಕೂಡ್ಲಿ?" ಎಂದು ಟೀಚರ್ ಕಾಗದ ಮಡಚಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡರು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಶಿಕ್ಷಣ ಇಲಾಖೆಯಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಬೇವಿನ ಮರದ ಕೆಳಗೇ ಕುರ್ಚಿ ಹಾಕಿದರು. ಅರವತ್ತು ಎಪ್ಪತ್ತು ಜನ ಸೇರಿದರು, ಹೆಂಗಸರೇ ಹೆಚ್ಚು. ಕಲ್ಲಿನಾಥ ಮುಂದಿನ ಸಾಲಿನಲ್ಲಿ ಶಲ್ಯ ಸರಿಮಾಡಿಕೊಳ್ಳುತ್ತ ಕೂತಿದ್ದ. ಸಾಹೇಬರು ಶಾಂತ ಮನುಷ್ಯ. ಅರ್ಜಿ ಓದಿ, "ಇಂಥ ವಹಿ ಇದೆಯೇ?" ಎಂದು ಕೇಳಿದರು.

ಟೀಚರ್ ಬಾಯಿ ತೆರೆಯುವ ಮೊದಲೇ ಜೈಪಾಲ ಎದ್ದ. ಒಳ್ಳೆಯದು ಮಾಡಲು ಹೋಗಿ ಮನೆಗೆ ಬೆಂಕಿ ಇಟ್ಟವರ ಕಥೆ ಕೇಳಿದ್ದೇವಲ್ಲ, ಹಾಗೆ. "ಅದ ಸಾಹೇಬ್ರ! ನೀವೇ ಓದ್ರಿ. ಇವರು ಎಷ್ಟು ಮಂದೀನ ದವಾಖಾನಿಗಿ ಒಯ್ದಾರ, ಎಷ್ಟು ಜಗಳಾ ಬಿಡಸ್ಯಾರ, ಎಲ್ಲಾ ಬರದದ. ಓದಿದ್ರ ಇವರ ಮ್ಯಾಲಿನ ಮಾತು ಒಂದ ನಿಮಿಷದಾಗ ಸುಳ್ಳಾಗ್ತದ." ಹೇಳುತ್ತ ಹೇಳುತ್ತಲೇ ಆಫೀಸು ಕೋಣೆಯಿಂದ ಆ ತಗಡಿನ ಟ್ರಂಕನ್ನು ಎಳೆದುಕೊಂಡು ಬಂದು ಎಲ್ಲರ ನಡುವೆ ಇಟ್ಟ.

ಆ ಟ್ರಂಕಿನಲ್ಲಿ ಇದ್ದದ್ದು ಟೀಚರ ಪುಣ್ಯದ ಕೆಲಸ ಮಾತ್ರವಲ್ಲ. ಅಲ್ಲಿ ಕೂತವರ ಅರ್ಧ ಬದುಕು ಅದರೊಳಗಿತ್ತು. ಯಾರ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ, ಯಾರ ಮಗಳು ಬಾವಿಯ ಕಟ್ಟೆಯವರೆಗೆ ಹೋಗಿ ತಿರುಗಿ ಬಂದಳು, ಯಾರ ಗಂಡ ಯಾವ ಊರಲ್ಲಿ ಇನ್ನೊಂದು ಮನೆ ಮಾಡಿದ, ಎಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರ್ಥಾ ಟೀಚರ್ ಎದ್ದರು. ನೆಟ್ಟಗೆ ನಡೆದು ಬಂದು ಆ ಟ್ರಂಕಿನ ಮೇಲೆ ಕೂತುಬಿಟ್ಟರು. ಐವತ್ತೊಂದು ವರ್ಷದ, ಕಟ್ಟುಮಸ್ತು ಮೈಯ ಹೆಂಗಸು. ತಗಡು ಕಿರ್ ಎಂದಿತು.

"ತೆಗೆಯಂಗಿಲ್ಲ" ಎಂದರು.

"ಟೀಚರ್, ಓದಿದ್ರ ನೀವೇ ಉಳೀತೀರಿ!" ಜೈಪಾಲನಿಗೆ ಅಳು ಬರುವುದೊಂದು ಬಾಕಿ.

"ನಾ ಉಳದು ಇವರ ಮಾನ ಹೋಗ್ಬೇಕನೋ? ಕೂಸುಗಳು ನನ್ನ ಕಿವ್ಯಾಗ ಹೇಳಿದ್ದು ದೇವ್ರಿಗಿ ಮುಟ್ಲಿ ಅಂತ. ಅರ್ಜಿಗಿ ಜವಾಬು ಕೊಡ್ಲಾಕಲ್ಲ."

ಕಲ್ಲಿನಾಥ ಎದ್ದು ನಿಂತ. "ನೋಡ್ರಿ ಸಾಹೇಬ್ರ! ಮುಚ್ಚಿಡಾಕತ್ತಾರಂದ್ರ ಏನೋ ಅದ ಅಂತಾನೇ ಅಲ್ರಿ?"

ಜೈಪಾಲ ಬಗ್ಗಿ ಟೀಚರಿಗೆ ಪಿಸುಗುಟ್ಟಿದ. ಪಿಸುಗುಟ್ಟಿದ್ದು ಮೂರು ಸಾಲಿನವರೆಗೆ ಕೇಳಿಸಿತು. "ಇಂವನೂ ಇಲ್ಲೇ ಕಲ್ತಾನ. ವಹ್ಯಾಗಿಂದು ಇವಂದೊಂದು ಪಾನ ತಗೀರಿ ಸಾಕು, ಬಾಲ ಮುದುರ್ಕೊಂಡು ಹೋಗ್ತಾನ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲ್ಲಿನಾಥನ ಕೈ ಶಲ್ಯದ ಮೇಲೆ ನಿಂತುಹೋಯಿತು. ಅಷ್ಟು ಹೊತ್ತಿನವರೆಗೆ ಅವನಿಗೆ ಅದು ನೆನಪೇ ಆಗಿರಲಿಲ್ಲ. ಈಗ ಆಯಿತು. ಮೂರನೆಯ ಇಯತ್ತೆಯಲ್ಲಿ, ಇದೇ ಮರದ ಕೆಳಗೆ, ಒಂದು ಕಿವಿಯ ಹತ್ತಿರ ಬಾಯಿಟ್ಟು ತಾನು ಏನು ಹೇಳಿದ್ದೆ ಎಂಬುದು ನೆನಪಾಗಿ ಅವನ ಮುಖದ ರಕ್ತ ಇಳಿದುಹೋಯಿತು.

ಟೀಚರ್ ಅದನ್ನು ನೋಡಿದರು. ಒಂದು ಪುಟ ತೆರೆದಿದ್ದರೆ ಸಾಕಿತ್ತು.

"ಎಂಟು ವರ್ಷದ ಕೂಸಿಗಿ ನಾ ಮಾತು ಕೊಟ್ಟೀನಿ ಜೈಪಾಲ, ಯಾರಿಗೂ ಹೇಳಂಗಿಲ್ಲ ಅಂತ. ಆ ಕೂಸು ದೊಡ್ಡಾಗಿ ಕತ್ತಿ ಆಗ್ಯಾದಂತ ನಾ ಮಾತು ಮುರೀಲೇನು?"

ಜನ ನಕ್ಕರು. ಮುಂದಿನ ಸಾಲಿನಲ್ಲಿ ಕತ್ತೆ ತಲೆ ತಗ್ಗಿಸಿ ಕೂತಿತು.

ಆಗ ಸುಮನಬಾಯಿ ಎದ್ದಳು. ಹುಡಗಿ ಎಂಬ ಊರಿನಿಂದ ಮೊಮ್ಮಗನನ್ನು ಈ ಶಾಲೆಗೆ ಕಳಿಸುವ ಮುದುಕಿ, ಮಾತಿಗೆ ನಿಂತರೆ ಮೂರು ಜನಕ್ಕೆ ಜಗ್ಗುವವಳಲ್ಲ. "ಸಾಹೇಬ್ರ, ನಮ್ಮ ಮನಿದು ನಾನೇ ಹೇಳ್ತೀನಿ ಕೇಳ್ರಿ. ನಮ್ಮ ಎಮ್ಮಿ ಹಾಲ ಬಿಡ್ತಿರ್ಲಿಲ್ಲ. ಟೀಚರ್ ಬಂದ್ರು. ಕೆಚ್ಚಲಕ್ಕ ಕೈ ಹಚ್ಚಿ ನೋಡಿ, ಬಾತದ, ದನದ ಡಾಕ್ಟರಗ ಕರೀರಿ, ಬರೇ ದೇವ್ರ ಮ್ಯಾಲ ಬಿಡಬ್ಯಾಡ್ರಿ ಅಂದ್ರು. ನಾ ಬುದ್ಧ ವಿಹಾರಕ್ಕ ಹೋಗಾಕಿ, ಇವತ್ತಿಗೂ ಹೋಗ್ತೀನಿ. ಎಮ್ಮಿ ಏನರ ಧರ್ಮ ಬದಲಿ ಮಾಡ್ಯಾದೋ ಏನೋ, ಬಂದು ಅದನ್ನೇ ಕೇಳ್ರಿ."

ಸಾಹೇಬರೂ ಬಾಯಿಗೆ ಕರವಸ್ತ್ರ ಹಿಡಿದರು. ನಗು ಇಳಿಯುವಷ್ಟರಲ್ಲಿ ಹಿಂದಿನಿಂದ ಕುಲ್ಸುಮ್ ಬೀ ಎದ್ದರು. ಶಾಲೆಯ ಅಡುಗೆಯವರು, ವರ್ಷಕ್ಕೆ ಹತ್ತು ಮಾತು ಆಡುವ ಹೆಂಗಸು. "ನಮ್ಮ ಮನಿದೂ ಅದರಾಗ ಅದ" ಎಂದರು. "ಏನದ ಅಂತ ನಾ ಹೇಳಂಗಿಲ್ಲ. ಹೇಳ್ಲಾಕ ಆಗಂಗಿದ್ರ ಊರಿಗೇ ಹೇಳ್ತಿದ್ದೆ, ಟೀಚರಿಗಿ ಯಾಕ ಹೇಳ್ತಿದ್ದೆ? ಆ ಸಂದೂಕ ತೆರೆದ್ರ ನಾಳಿಂದ ಈ ಒಲಿ ಹೊತ್ತಂಗಿಲ್ಲ." ಅಷ್ಟು ಹೇಳಿ ಬಂದು ಟ್ರಂಕಿನ ಪಕ್ಕ ನೆಲದ ಮೇಲೆ ಕೂತರು. ಒಬ್ಬಳು ಬಂದು ಕೂತಳು. ಇನ್ನೊಬ್ಬಳು ಬಂದಳು. ಎಲ್ಲರೂ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ? ಬಹಳ ಜನ ಕೂತಲ್ಲೇ ಕೂತಿದ್ದರು. ಆದರೆ ಟ್ರಂಕು ತೆಗೆಯಿರಿ ಎಂದು ಮತ್ತೆ ಒಬ್ಬರೂ ಅನ್ನಲಿಲ್ಲ.

ಸಾಹೇಬರು ಬರೆದುಕೊಂಡು ಎದ್ದರು. ವಹಿ ಶಾಲೆಯ ದಾಖಲೆಯಲ್ಲ, ಅದನ್ನು ತಾವು ಕೇಳುವುದಿಲ್ಲ. ಅರ್ಜಿದಾರರಿಗೆ ಬೇರೆ ಆಧಾರ ಇದ್ದರೆ ಕೊಡಲಿ ಎಂದರು. ಆದರೆ ಸಂಸ್ಥೆಯ ಮುಚ್ಚಳಿಕೆ ಹಾಗೇ ಇತ್ತು. "ಸೋಮವಾರ ಮುಂಜಾನಿ ತನಕ ಟೈಮ್ ಅದರಿ" ಎಂದು ಜೈಪಾಲ ನೆಲ ನೋಡುತ್ತ ಹೇಳಿದ. ಟೀಚರ್ ಕುಪ್ಪಸದಿಂದ ಕಾಗದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ದಸ್ಕತ್ತಿನ ಜಾಗದಲ್ಲಿ "ಮಕ್ಕಳ ಮನೆಗೆ ಹೋಗುತ್ತೇನೆ" ಎಂದು ದುಂಡಗೆ ಬರೆದು ಅವನ ಕೈಗೆ ಕೊಟ್ಟರು. "ಸೋಮವಾರ ತನಕ ಯಾಕ ಕಾಯ್ತಿ? ಒಯ್ಯಿ."

ಅವತ್ತು ಬೆಳಿಗ್ಗೆ ಕಿವಿಯ ಸಾಲಿನಲ್ಲಿ ಮೂರು ಮನೆ ಬಂದಿದ್ದವು. ಕೆಲಸ ಇರುತ್ತದೋ ಹೋಗುತ್ತದೋ, ಹೇಳಿದ ಮನೆಗೆ ಹೋಗಬೇಕು. ಮೂರನೆಯದು ಮನಿಷಾ ಹೇಳಿದ್ದು. ಟೀಚರ್ ಟ್ರಂಕಿನಿಂದ ಒಂದು ಹಳೆಯ ವಹಿ ತೆಗೆದು ಸೆರಗಿನೊಳಗೆ ಇಟ್ಟುಕೊಂಡು ಹೊರಟರು.

ಕಲ್ಲಿನಾಥ ಬಾಗಿಲಲ್ಲೇ ಇದ್ದ. ಅವರನ್ನು ನೋಡಿ ಎದ್ದ. ಒಳಗೆ ಬರ್ರಿ ಎನ್ನಲಿಲ್ಲ, ಹೋಗ್ರಿ ಎನ್ನಲೂ ಬಾಯಿ ಬರಲಿಲ್ಲ.

"ಮನಿಷಾ ಹೇಳ್ಯಾಳ, ಅದಕ್ಕ ಬಂದೆ" ಎಂದರು ಟೀಚರ್. "ಅಪ್ಪ ನಾಕ ದಿನ ಆತು ಸರಿಯಾಗಿ ಉಣ್ಣಾಕತ್ತಿಲ್ಲ ಅಂದಳು. ಯಾಕ ಉಣ್ಣಾಕತ್ತಿಲ್ಲ?"

ಅವನು ತಗ್ಗಿದ ದನಿಯಲ್ಲಿ, "ಟೀಚರ್, ಅದರಾಗ ನಂದು ಏನ್ ಬರದೀರಿ?" ಎಂದು ಕೇಳಿದ.

"ನಿಂದು ನೀ ಓದ್ಕೊಳ್ಳಾಕ ಯಾರ ಅಪ್ಪಣಿ ಬೇಕು? ತಗೋ." ವಹಿ ತೆರೆದು ಅವನ ಪುಟವನ್ನಷ್ಟೇ ಬಿಟ್ಟು ಉಳಿದದ್ದನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡರು.

ಎಂಟು ವರ್ಷದ ಕಲ್ಲಿನಾಥ ದೇವರಲ್ಲಿ ಏನು ಕೇಳಿಕೊಂಡಿದ್ದ ಎಂದು ನನ್ನನ್ನು ಕೇಳಬೇಡಿ. ಗೊತ್ತಿದ್ದರೂ ಹೇಳುವುದಿಲ್ಲ. ಅದರ ಕೆಳಗೆ ಇದ್ದದ್ದನ್ನು ಹೇಳಬಹುದು. ಹೋಗಿಬಂದೆ. ಹೋಗಿಬಂದೆ. ಹೋಗಿಬಂದೆ. ಹದಿನಾಲ್ಕು ತಾರೀಖು, ಹದಿನಾಲ್ಕು ಸಲ, ಪುಟದ ತಳದವರೆಗೆ.

ಅವನು ಬಹಳ ಹೊತ್ತು ಓದಿದ. ಕಣ್ಣು ಒರೆಸಿಕೊಳ್ಳಲು ಶಲ್ಯದ ತುದಿ ಸಿಗಲಿಲ್ಲ, ಅಂಗೈಯಲ್ಲಿ ಒರೆಸಿಕೊಂಡ. "ಸೋಮವಾರ ಅರ್ಜಿ ವಾಪಸ್ ತಗೋತೀನ್ರಿ" ಎಂದ. "ಜೈಪಾಲಗೂ ಹೇಳ್ತೀನಿ."

"ತಗೋ, ಬಿಡು, ಅದು ನಿನಗ ಬಿಟ್ಟದ್ದು." ಟೀಚರ್ ವಹಿ ಮುಚ್ಚಿ, ಚಪ್ಪಲಿ ಬಿಟ್ಟು, ಅವನನ್ನು ದಾಟಿಕೊಂಡು ಒಳಗೆ ನಡೆದರು. "ನಾ ಅಂತೂ ಬರಾಕಿನೇ. ಈಗ ಕೈ ತೊಳ್ಕೊ, ನನ್ನ ಮುಂದ ಕೂತು ಉಣ್ಣು."