ಸೊಟ್ಟ ಅಡುಗೆಮನೆ

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಆಸಾಮಿಯಲ್ಲ ಗಾರೆ ಮೇಸ್ತ್ರಿ. ಮನೆಯ ನಕ್ಷೆ ಬರೆಯುವ ಪುಕ್ಕಟೆ ಸಾಫ್ಟ್‌ವೇರೊಂದನ್ನು ಮಗಳು ಹುಡುಕಿ ಕಂಪ್ಯೂಟರಿಗೆ ಇಳಿಸಿಕೊಂಡಾಗಿನಿಂದ ಅವನಿಗೆ ಅದರ ಮೇಲೇ ಗುಮಾನಿ.

"ಸುಮ್‌ಸುಮ್ನೆ ಯಾರು ಕೊಡ್ತಾರೆ? ಎಲ್ಲೋ ಏನೋ ಕಿತ್ಕೊಳ್ತಾರೆ."

ಅದನ್ನು ಪರೀಕ್ಷಿಸಿ ನೋಡಲೆಂದು ಮಗಳು, ಅವನೇ ಕಟ್ಟಿದ ತಮ್ಮ ಮನೆಯನ್ನೇ ಅಳೆದು ಅದರಲ್ಲಿ ಬರೆದಳು. ತೆರೆಯ ಮೇಲೆ ಅಡುಗೆಮನೆ ಸೊಟ್ಟಗೆ ಮೂಡಿತು.

"ನೋಡು, ಇಲ್ಲೇ ಇರೋದು ಮೋಸ. ನನ್ನ ಗೋಡೆ ಯಾವತ್ತೂ ಒಂದು ನೂಲೂ ಆಚೀಚೆ ಆಗಿಲ್ಲ," ಎಂದ ಮೇಸ್ತ್ರಿ.

ಮಗಳು ಅವನ ಕಣ್ಣೆದುರೇ ಮತ್ತೆ ಟೇಪು ಹಿಡಿದಳು. ಅಡುಗೆಮನೆಯ ಹಿಂದಿನ ಗೋಡೆ ಮುಂದಿನದಕ್ಕಿಂತ ಉದ್ದದಲ್ಲಿ ಒಂದು ಗೇಣು ಕಡಿಮೆ.

"ಆ ಮೂಲೇಲಿ ಬೀರು ನೆಟ್ಟಗೆ ಕೂರಲ್ಲ ಅಂತ ಬಂದಾಗಿಂದ ಬಡ್ಕೋತಿದೀನಿ," ಎಂದಳು ಹೆಂಡತಿ, ಒಲೆಯ ಮುಂದಿನಿಂದಲೇ.

ಮೇಸ್ತ್ರಿ ಟೇಪನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

"ಇದೂ ಪುಕ್ಕಟೆ ಸಿಕ್ಕಿದ್ದಾ?"

"ನಿಂದೇ ಅಪ್ಪಾ. ಈ ಮನೆ ಕಟ್ಟಿದ್ದೂ ಇದ್ರಲ್ಲೇ."